ಬೇಯಿಸದೆ ಇಟ್ಟ ಮಡಿಲಕ್ಕಿ

ಒಡೆಯದ ತೆಂಗಿನಕಾಯಿಯನ್ನು ಜುಟ್ಟು ಹಿಡಿದು ಕಸದ ಡಬ್ಬಕ್ಕೆ ಹಾಕುವುದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದೆ. ಹಾಕಿದವನು ಕೆಟ್ಟವನೇನಲ್ಲ. ಬಿಸಿಲಿಗೆ ಮೂಗಿನ ತುದಿ ಸುಲಿದುಹೋದ, ನಮ್ಮಪ್ಪನ ವಯಸ್ಸಿನ ಮನುಷ್ಯ. ಕೈಗೆ ನೀಲಿ ಗ್ಲೌಸು ಹಾಕಿಕೊಂಡು, "ಸಾರಿ, ಲವ್" ಎಂದ. ಇಲ್ಲಿ ಗುರುತಿಲ್ಲದ ಹೆಂಗಸರನ್ನೂ ಹಾಗೆ ಕರೆಯುತ್ತಾರೆ, ನಮ್ಮ ಕಡೆ 'ತಾಯಿ' ಅನ್ನುವ ಹಾಗೆ. ತೆಂಗಿನಕಾಯಿಯ ಹಿಂದೆಯೇ ಎಲೆ ಅಡಿಕೆ ಹೋಯಿತು, ಹಸಿ ಅರಿಶಿನದ ಕೊಂಬು ಹೋಯಿತು, ಬಾಳೆಹಣ್ಣಿನ ಚಿಪ್ಪು ಹೋಯಿತು. ಕಟ್ಟಿದ್ದ ರವಿಕೆ ಬಟ್ಟೆಯೊಳಗೆ ಉಳಿದದ್ದು ಅಕ್ಕಿ ಮಾತ್ರ. ಅದನ್ನು ಬೆರಳಲ್ಲಿ ಕೆದಕಿ ನೋಡಿ, "ದಿಸ್ ಈಸ್ ಫೈನ್" ಎಂದು ನನ್ನ ಕೈಗೆ ಕೊಟ್ಟ.

ಇದು ನಡೆದದ್ದು ದಕ್ಷಿಣ ಆಸ್ಟ್ರೇಲಿಯಾ ಮುಗಿದು ಪಶ್ಚಿಮ ಆಸ್ಟ್ರೇಲಿಯಾ ಶುರುವಾಗುವ ಗಡಿಯಲ್ಲಿ. ಕಣ್ಣು ಹಾಯಿಸಿದಷ್ಟು ದೂರ ಕುರುಚಲು ಬಿಟ್ಟರೆ ಮರವಿಲ್ಲ, ಮನೆಯಿಲ್ಲ. ಅಂಥ ಬಯಲಿನ ನಡುವೆ ಒಂದು ಚೌಕಿ. ಹುಳ, ಹಣ್ಣುನೊಣ, ಕಳೆಬೀಜ ಆಚೆಯ ರಾಜ್ಯಕ್ಕೆ ಹೋಗಬಾರದೆಂದು ಹಣ್ಣು, ತರಕಾರಿ, ಸೊಪ್ಪು, ಜೇನುತುಪ್ಪ ಎಲ್ಲವನ್ನೂ ಅಲ್ಲಿ ಇಳಿಸಿಕೊಳ್ಳುತ್ತಾರೆ. ಕಡೂರಿನಿಂದ ಅರಸೀಕೆರೆಗೆ ಹೋದರೆ ಜಿಲ್ಲೆಯೇ ಬದಲಾಗುತ್ತದೆ. ಯಾರಾದರೂ ಬಸ್ಸು ನಿಲ್ಲಿಸಿ ನಿಮ್ಮ ಚೀಲದ ಬದನೆಕಾಯಿ ಕಿತ್ತುಕೊಂಡಿದ್ದಾರೆಯೇ? ಇಲ್ಲಿ ಕಿತ್ತುಕೊಳ್ಳುತ್ತಾರೆ, ಅದೂ ನಯವಾಗಿ.

ಆದರೆ ನನಗೆ ಮೋಸ ಮಾಡಿದವನು ಆ ಗ್ಲೌಸಿನವನಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಹೇಳುತ್ತೇನೆ, ಬರೆಯುತ್ತೇನೆ ಕೂಡ: ಲೋಕೇಶ. ಊರು ತರೀಕೆರೆ. ದೊಡ್ಡ ದೊಡ್ಡ ಮಣ್ಣೆತ್ತುವ ಯಂತ್ರಗಳನ್ನು ಬಿಚ್ಚಿ ಕಟ್ಟುವ ಮೆಕ್ಯಾನಿಕ್.

ನನ್ನ ಊರು ಬುಕ್ಕಾಂಬುಧಿ ಕೆರೆಯ ಕೆಳಗಿನದು. ಮದುವೆಯಾಗಿ ಅಡಿಲೇಡಿಗೆ ಬಂದಾಗ ನನಗೆ ಗೊತ್ತಿದ್ದ ಇಂಗ್ಲಿಷು ಕಾಲೇಜಿನ ಗೈಡುಗಳದ್ದು. ಮೊದಲ ವರ್ಷ ಕಿಟಕಿಯ ಪಕ್ಕ ಕೂತು, ಬೀದಿಯಲ್ಲಿ ಹೋಗುವ ನಾಯಿಗಳನ್ನು ಎಣಿಸುವುದೇ ಕೆಲಸ. ನಮ್ಮೂರಲ್ಲಿ ಬಾಗಿಲು ಹಾಕಿದ್ದರೆ ಯಾರಿಗೆ ಏನಾಯಿತೋ ಎಂದು ವಿಚಾರಿಸಲು ಬರುತ್ತಾರೆ, ಇಲ್ಲಿ ಬಾಗಿಲು ತೆರೆದಿಟ್ಟರೆ ಏನಾಯಿತೆಂದು ಕೇಳುತ್ತಾರೆ. ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಆಮೇಲೆ ನಿಧಾನಕ್ಕೆ ಊರು ನನ್ನದಾಗತೊಡಗಿತು. ಪುಟ್ಟ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುವ ಕೇಂದ್ರವೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಕಾರು ಓಡಿಸಲು ಕಲಿತೆ. ವಾರದ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ವಿಯೆಟ್ನಾಮಿನ ಅಜ್ಜಿಯೊಬ್ಬಳು ನನಗೆಂದೇ ಎಳೆಯ ಹೀರೆಕಾಯಿ ಎತ್ತಿಡತೊಡಗಿದಳು. ಅವಳ ಇಂಗ್ಲಿಷೂ ನನ್ನದರಂತೆಯೇ ಕುಂಟುತ್ತಿತ್ತು, ಹಾಗಾಗಿ ನಾವಿಬ್ಬರೂ ತುಂಬಾ ಮಾತಾಡುತ್ತಿದ್ದೆವು. ಹಿತ್ತಿಲಲ್ಲಿ ಕರಿಬೇವು ನೆಟ್ಟೆ. ಅದು ಒಂದು ಚಳಿಗಾಲ ಸತ್ತಂತೆ ನಿಂತು, ಮತ್ತೆ ಚಿಗುರಿತು. ಮಕ್ಕಳ ಕೇಂದ್ರದವರು, "ನೀನು ರಜೆ ಮುಗಿಸಿ ಬಾ, ಕೆಲಸ ಪರ್ಮನೆಂಟ್ ಮಾಡುತ್ತೇವೆ" ಎಂದರು.

ಇದಕ್ಕೆಲ್ಲ ಬೆನ್ನಿಗೆ ನಿಂತವಳು ಗಿರಿಜಕ್ಕ. ಸಖರಾಯಪಟ್ಟಣದ ತೆಂಗಿನ ತೋಟದ ಮನೆಯ ಹೆಣ್ಣು, ನಮ್ಮ ಬೀದಿಯ ಕೊನೆಯಲ್ಲಿ ಅವಳ ಮನೆ. ನನಗೆ ಜ್ವರ ಬಂದಾಗ ಮೆಣಸಿನ ಸಾರು ಹೊತ್ತು ತಂದವಳು ಅವಳು. "ನಿಮ್ಮವ್ವ ದೂರದಲ್ಲವ್ಳೆ, ನಾನಿಲ್ಲಿದೀನಿ ಕಣೇ. ಇದೇ ನಿನ್ನ ತವ್ರು ಅಂದ್ಕ" ಎಂದಿದ್ದಳು. ಅಂದುಕೊಂಡೆ. ಅದೇ ನನಗೆ ಈಗ ಚುಚ್ಚುವುದು.

ರಜೆಯ ವಿಷಯಕ್ಕೆ ಬರುತ್ತೇನೆ. "ಒಂದ್ವಾರ ಔಟ್‌ಬ್ಯಾಕ್ ನೋಡ್ಕಂಡು ಬರಾಣ ಕಣೇ" ಎಂದ ಲೋಕೇಶ. ಔಟ್‌ಬ್ಯಾಕ್ ಎಂದರೆ ಈ ದೇಶದ ಒಳಬಯಲು, ಜನವಿಲ್ಲದ ನೆಲ. ಅದರ ಅಂಚಿನಲ್ಲಿ ಸಮುದ್ರಕ್ಕೆ ನೇರ ಇಳಿಯುವ ಬಂಡೆಗೋಡೆಗಳಿವೆ, ಅಲ್ಲಿ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ, ನೋಡಿಕೊಂಡು ಹಿಂದಿರುಗೋಣ ಎಂದ. ಮದುವೆಯಾದಾಗಿನಿಂದ ಎಲ್ಲಿಗೂ ಕರೆದುಕೊಂಡು ಹೋಗದ ಮನುಷ್ಯ! ನಾನು ಕುಣಿದುಬಿಟ್ಟೆ.

ಹೊರಡುವುದೆಂದರೆ ಬುತ್ತಿ. ಅಜ್ಜಂಪುರದಿಂದ ಬೀರೂರಿಗೆ ಹೋಗುವ ಅಷ್ಟು ದೂರಕ್ಕೇ ನಮ್ಮಮ್ಮ ರೊಟ್ಟಿ ಕಟ್ಟುತ್ತಿದ್ದಳು. ಅದೂ ದಾರಿಯುದ್ದಕ್ಕೂ ಸೌತೆಕಾಯಿ, ಕಡಲೆಕಾಯಿ ಕಿಟಕಿಗೇ ಬರುವ ದಾರಿ. ಇಲ್ಲಿ ಒಂದು ರೋಡ್‌ಹೌಸಿನಿಂದ ಇನ್ನೊಂದಕ್ಕೆ ಗಂಟೆಗಟ್ಟಲೆ ದಾರಿ. ರೋಡ್‌ಹೌಸ್ ಅಂದರೆ ಪೆಟ್ರೋಲ್ ಬಂಕು, ಹೋಟೆಲು, ಅಂಗಡಿ ಮೂರೂ ಒಂದೇ ಸೂರಿನಡಿ. ಅಲ್ಲಿ ಸಿಗುವುದು ಕರಿದ ಆಲೂಗಡ್ಡೆ ಮತ್ತು ಮಾಂಸ. ಟೊಮ್ಯಾಟೊ ಇದ್ದರೂ ಅದರ ಬೆಲೆ ನೋಡಿ ನಮಸ್ಕಾರ ಹಾಕಿ ಬರಬೇಕು ಎಂದು ಕೇಳಿದ್ದೆ. ಸರಿ, ನನ್ನ ಕೆಲಸ ಶುರುವಾಯಿತು. ಅಜ್ಜಿಯ ಅಂಗಡಿಯಿಂದ ಬೀನ್ಸು, ಬದನೆಕಾಯಿ, ಹೀರೆಕಾಯಿ, ಹಸಿಮೆಣಸಿನಕಾಯಿ. ಮೊದಲ ದಿನಗಳಿಗೆ ಹಣ್ಣಾದ ಟೊಮ್ಯಾಟೊ, ಕೊನೆಯ ದಿನಗಳಿಗೆ ದೋರೆಗಾಯಿ. ಕೊತ್ತಂಬರಿಯ ಬೇರಿಗೆ ಒದ್ದೆ ಬಟ್ಟೆ ಸುತ್ತಿದೆ. ನನ್ನ ಗಿಡದ ಕರಿಬೇವನ್ನು ತೊಳೆಯದೆ ಕಾಗದದಲ್ಲಿ ಮಡಿಸಿದೆ, ತೊಳೆದರೆ ಬೇಗ ಕಪ್ಪಾಗುತ್ತದೆ. ಎಲ್ಲವನ್ನೂ ಎಸ್ಕಿಯಲ್ಲಿ ಜೋಡಿಸಿದೆ. ಐಸು ತುಂಬುವ ಪೆಟ್ಟಿಗೆಗೆ ಇವರು ಎಸ್ಕಿ ಅನ್ನುತ್ತಾರೆ. ನಾನು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ, ನಮ್ಮ ಮನೆಯ ಮಣ್ಣಿನ ಗುಡಾಣಕ್ಕೆ ಹೊದಿಸುತ್ತಿದ್ದ ಹಾಗೆ.

ಲೋಕೇಶ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. "ಅಷ್ಟೊಂದ್ ಹಸಿದು ಬ್ಯಾಡ ಕಣೇ, ಎರಡು ದಿನುಕ್ಕೆ ಸಾಕು" ಎಂದ.

"ಒಂದ್ವಾರಕ್ಕೆ ಎರಡು ದಿನದ್ದು ಸಾಕಾ? ಉಳಿದ ದಿನ ಗಾಳಿ ತಿಂತೀರಾ?" ಎಂದೆ.

ಟೈರಿನ ಗಾಳಿ ನೋಡುತ್ತೇನೆಂದು ಹೊರಗೆ ಹೋದ. ಜಿಪುಣತನ ಎಂದುಕೊಂಡೆ. ಅಯ್ಯೋ, ಜಿಪುಣತನವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಹಸಿ ತರಕಾರಿ ಗಡಿ ದಾಟುವುದಿಲ್ಲವೆಂದು ಹೇಳಿದರೆ ನಾನು "ಯಾವ ಗಡಿ?" ಎಂದು ಕೇಳುತ್ತಿದ್ದೆ. ಬಂಡೆಗೋಡೆ ನೋಡಿ ಹಿಂದಿರುಗುವವರಿಗೆ ಗಡಿಯೇ ಸಿಗುವುದಿಲ್ಲ.

ಹೊರಡುವ ಹಿಂದಿನ ಸಂಜೆ ಗಿರಿಜಕ್ಕ ಕರೆದಳು. ಹೋದರೆ ನಡುಮನೆಯಲ್ಲಿ ಮಣೆ ಹಾಕಿದ್ದಾಳೆ. ನಾನು ಜೀನ್ಸ್ ಪ್ಯಾಂಟಿನಲ್ಲಿದ್ದೆ. ತನ್ನ ಸೀರೆಯೊಂದನ್ನು ನನ್ನ ಸೊಂಟಕ್ಕೆ ಸುತ್ತಿ, ಸೆರಗು ಒಡ್ಡಿಸಿ, ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಮೇಲೆ ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನದ ಕೊಂಬು, ಬಾಳೆಹಣ್ಣು, ರವಿಕೆಕಣ. ಪೂರಾ ಮಡಿಲಕ್ಕಿ.

ನನಗೆ ನಗು ತಡೆಯಲಾಗಲಿಲ್ಲ. "ಏನಕ್ಕಾ ಇದು? ತಿಮಿಂಗಿಲ ನೋಡಕೆ ಹೋಗೋಳಿಗೆ ಮಡ್ಲಕ್ಕಿನಾ? ನಾನೇನ್ ಗಂಡನ ಮನೆಗೆ ಹೊಂಟಿದೀನಾ?"

"ಸುಮ್ನಿರೇ. ತವ್ರಿಂದ ಬರಿ ಮಡ್ಲಲ್ಲಿ ಕಳ್ಸಕಾಯ್ತದಾ?" ಎಂದಳು. ಕಣ್ಣು ಒರೆಸಿಕೊಂಡಳು. ನೆಗಡಿ ಎಂದಳು. ನಾನು ನಂಬಿದೆ.

ನಮ್ಮಲ್ಲಿ ಮಡಿಲು ತುಂಬಿಸಿಕೊಂಡವಳು ಎದ್ದು ಹೊರಡುವ ಮುಂಚೆ ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ತುಂಬಿದವರಿಗೇ ವಾಪಸು ಕೊಡುತ್ತಾಳೆ. ತವರು ತಣ್ಣಗಿರಲಿ, ನಾನು ತಿರುಗಿ ಬರುತ್ತೇನೆ ಎಂದು ಅದರ ಅರ್ಥ. ಒಯ್ದ ಅಕ್ಕಿಯನ್ನು ಸೇರಿದ ಮನೆಯಲ್ಲಿ ಬೇಯಿಸಿ ಸಿಹಿ ಮಾಡಬೇಕು, ಆಗ ಅವಳು ಆ ಮನೆಯವಳಾದಂತೆ. ನಾನು ನಗುವ ಭರದಲ್ಲಿ ಆ ಹಿಡಿ ಅಕ್ಕಿ ಕೊಡುವುದನ್ನೇ ಮರೆತೆ. ಗಿರಿಜಕ್ಕ ಎರಡೂ ಕೈ ಒಡ್ಡಿಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದಳು. ಅಪ್ಪಿಕೊಳ್ಳಲು ಎಂದುಕೊಂಡು ಅಪ್ಪಿಕೊಂಡು ಬಂದುಬಿಟ್ಟೆ.

ದಾರಿ ಚೆನ್ನಾಗಿಯೇ ಇತ್ತು. ಬಂಡೆಗೋಡೆಯ ತುದಿಯಲ್ಲಿ ನಿಂತು ತಿಮಿಂಗಿಲದ ಬೆನ್ನನ್ನೂ ನೋಡಿದೆ, ಬುಕ್ಕಾಂಬುಧಿ ಕೆರೆಯಲ್ಲಿ ಎಮ್ಮೆ ಮುಳುಗಿ ಎದ್ದಂತೆ ಕಾಣಿಸಿತು. ಗ್ಯಾಸಿನ ಪುಟ್ಟ ಒಲೆಯ ಮೇಲೆ ಹೀರೆಕಾಯಿ ಸಾರು ಮಾಡಿ ಬಡಿಸಿದೆ. ಇನ್ನು ಹಿಂದಿರುಗಬೇಕು ಎನ್ನುವಾಗ ಲೋಕೇಶ ಕಾರನ್ನು ಪಶ್ಚಿಮಕ್ಕೇ ಬಿಟ್ಟ. "ಇನ್ನೊಂಚೂರು ಮುಂದ್ಕೆ ಹೋಗಾಣ" ಎಂದ. ಆ ಚೂರಿನ ತುದಿಯಲ್ಲಿ ಚೌಕಿ ಇತ್ತು.

ಗ್ಲೌಸಿನವನು ಎಸ್ಕಿ ಬಿಚ್ಚಿಸಿ, ಬೀನ್ಸು, ದೋರೆಗಾಯಿ ಟೊಮ್ಯಾಟೊ, ನನ್ನ ಕರಿಬೇವು ಒಂದೊಂದಾಗಿ ತೆಗೆಯುತ್ತಾ ಮಾತಿಗೆಂದು ಲೋಕೇಶನನ್ನು ಕೇಳಿದ: ಸುತ್ತಾಡಲು ಬಂದಿರೋ, ಇಲ್ಲ ಈ ಕಡೆಗೇ ಬಂದುಬಿಟ್ಟಿರೋ?

"ಮೂವಿಂಗ್" ಎಂದ ನನ್ನ ಗಂಡ. "ಗಣಿಯಲ್ಲಿ ಕೆಲಸ ಸಿಕ್ಕಿದೆ" ಎಂದು ಇಂಗ್ಲಿಷಿನಲ್ಲಿ, ನನ್ನ ಮುಖ ನೋಡದೆ ಹೇಳಿದ.

ನನಗೆ ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಆ ಮನುಷ್ಯ ರವಿಕೆ ಬಟ್ಟೆಯ ಗಂಟು ಬಿಚ್ಚಿದ. ತೆಂಗಿನಕಾಯಿಯ ಜುಟ್ಟಿನೊಳಗೆ ಹುಳವಿರಬಹುದೆಂದು ತಿರುಗಿಸಿ ನೋಡಿದ. ಏನಿದು ಎಂದು ಕೇಳಿದ. ಹೆಣ್ಣುಮಕ್ಕಳು ತವರು ಬಿಟ್ಟು ಹೋಗುವಾಗ ಕೊಡುವುದು ಎಂದು ನನ್ನ ಕುಂಟು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಿದ್ದ ಹಾಗೆಯೇ ನನಗೆ ಅರ್ಥವಾಯಿತು. ಗಿರಿಜಕ್ಕನಿಗೆ ಗೊತ್ತಿತ್ತು.

ಕಾರಿನ ಪಕ್ಕ ನಿಂತು ಕೇಳಿದೆ. "ಮನೆ?"

"ನೋಟಿಸ್ ಕೊಟ್ಟಾಯ್ತು. ಸಾಮಾನು ಗಿರಿಜಕ್ಕನ ಯಜಮಾನ್ರು ಲಾರಿಗೆ ಹಾಕಿಸ್ತಾರೆ."

"ನನ್ನ ಕೆಲಸ?"

"ಅಲ್ಲೂ ಏನಾರ ಸಿಗ್ತದೆ ಬಿಡೇ."

"ನಂಗ್ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನ್ ಬತ್ತಿದ್ಯಾ?"

ಬರುತ್ತಿದ್ದೆನೋ ಇಲ್ಲವೋ, ನನಗೂ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳುವ ಅವಕಾಶವನ್ನೇ ಅವನು ಕಸಿದುಕೊಂಡ. ಜಗಳವಾಡಿ, ಅತ್ತು, ಕೊನೆಗೆ ಒಪ್ಪುತ್ತಿದ್ದೆನೇನೋ. ಮನೆ ಖಾಲಿ ಮಾಡುವಾಗ ಕರಿಬೇವಿನ ಗಿಡವನ್ನು ಯಾರಿಗಾದರೂ ಒಪ್ಪಿಸುತ್ತಿದ್ದೆ. ಕೇಂದ್ರದ ಮಕ್ಕಳಿಗೆ, ಮಾರ್ಕೆಟ್ಟಿನ ಅಜ್ಜಿಗೆ ಹೋಗಿ ಬರುತ್ತೇನೆಂದು ಹೇಳುತ್ತಿದ್ದೆ. "ಕೀ ಕೊಡಿ ಇಲ್ಲಿ" ಎಂದು ಕಿತ್ತುಕೊಂಡು, ಸ್ಟೇರಿಂಗ್ ಮುಂದೆ ಕೂತು, ಕಾರನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದೆ. ಇಂಜಿನ್ ಓಡುತ್ತಿತ್ತು. ಎಲ್ಲಿಗೆ ಹೋಗಲಿ? ಮನೆ ಬಿಟ್ಟುಕೊಟ್ಟಾಗಿದೆ. ತವರು ಎಂದುಕೊಂಡ ಮನೆಯವಳು ಈ ಮೋಸಕ್ಕೆ ಜೊತೆಯಾಗಿದ್ದಾಳೆ. ಇಂಜಿನ್ ಆರಿಸಿ, ಕೀಯನ್ನು ಅವನ ಕಡೆ ಎಸೆದೆ.

ರೋಡ್‌ಹೌಸಿನ ಹತ್ತಿರ ಫೋನಿಗೆ ಸಿಗ್ನಲ್ ಬಂದಾಗ ಗಿರಿಜಕ್ಕನಿಗೆ ಕರೆ ಮಾಡಿದೆ. ನನ್ನ ಉಸಿರು ಕೇಳಿಯೇ ಅವಳು ಅಳತೊಡಗಿದಳು.

"ನಿನ್ ಗಂಡ ಆಣೆ ಹಾಕಿಸ್ಕಂಡಿದ್ದ ಕಣೇ. ಬಾಯ್ ಬಿಡಂಗಿರ್ಲಿಲ್ಲ. ಅದ್ಕೇ ಮಡ್ಲು ತುಂಬಿದ್ದು. ನೋಡಿದ್ ತಕ್ಷಣ ನಿಂಗ್ ಗೊತ್ತಾಯ್ತದೆ ಅಂದ್ಕಂಡೆ. ನೀನ್ ನೋಡಿದ್ರೆ ನಕ್ಬಿಟ್ಟೆ."

"ಬಾಯಲ್ಲಿ ಹೇಳ್ಬೇಕಾದ್ದನ್ನ ಅಕ್ಕೀಲಿ ಹೇಳ್ತಾರೇನಕ್ಕಾ?" ಎಂದು ಫೋನ್ ಇಟ್ಟೆ.

ಈಗ ಗಣಿಗಳ ನಡುವಿನ ಊರಿನಲ್ಲಿದ್ದೇನೆ. ಅಡಿಲೇಡನ್ನು ಬುಕ್ಕಾಂಬುಧಿಗೆ ಹೋಲಿಸಿ ಅಳುತ್ತಿದ್ದವಳು ಈಗ ಇದನ್ನು ಅಡಿಲೇಡಿಗೆ ಹೋಲಿಸಿ ಬೈಯುತ್ತೇನೆ. ಇಲ್ಲಿ ಮಣ್ಣು ಕೆಂಪು, ಒಗೆದ ಬಟ್ಟೆಯೂ ಕೆಂಪು. ತರಕಾರಿ ಲಾರಿ ಬಂದ ದಿನ ಅಂಗಡಿಗೆ ಓಡಬೇಕು, ತಡವಾದರೆ ಬಾಡಿದ ಎಲೆಕೋಸು. ಹೀರೆಕಾಯಿಯ ಹೆಸರೂ ಯಾರಿಗೂ ಗೊತ್ತಿಲ್ಲ. ಶಾಲೆಯೊಂದರ ಕ್ಯಾಂಟೀನಿನಲ್ಲಿ ಕೆಲಸ ಹುಡುಕಿಕೊಂಡಿದ್ದೇನೆ, ನಾನೇ, ಯಾರನ್ನೂ ಕೇಳದೆ. ನಿನ್ನ ಊರು ಯಾವುದು ಎಂದು ಅಲ್ಲಿ ಕೇಳಿದರೆ ಬಾಯಿಗೆ ಮೊದಲು ಬರುವುದು ಅಡಿಲೇಡ್. ಅದು ನನಗೇ ಆಶ್ಚರ್ಯ. ನನಗೆ ತಿಳಿಯದೆಯೇ ಬಿಟ್ಟುಬಂದ ಊರಲ್ಲವೇ, ಒಳಗೆ ಇನ್ನೂ ಬಿಟ್ಟಿಲ್ಲ.

ಗಿರಿಜಕ್ಕ ಪ್ರತಿ ಭಾನುವಾರ ಕರೆ ಮಾಡುತ್ತಾಳೆ. ಒಮ್ಮೊಮ್ಮೆ ಎತ್ತುತ್ತೇನೆ. ಕರಿಬೇವಿನ ಗಿಡಕ್ಕೆ ನೀರು ಹಾಕಲು ಹೊಸ ಬಾಡಿಗೆಯವರ ಹಿತ್ತಿಲಿಗೆ ಹೋಗಿ ಬರುತ್ತಾಳಂತೆ. ಸಿಟ್ಟು ಕಮ್ಮಿಯಾಗಿದೆ, ಹೋಗಿಲ್ಲ.

ಮಡಿಲಕ್ಕಿ ಸ್ಟೀಲ್ ಡಬ್ಬಿಯಲ್ಲಿ, ಮೇಲಿನ ಗೂಡಿನಲ್ಲಿದೆ. ಅದರಲ್ಲಿ ಒಂದು ಹಿಡಿಯನ್ನು ಬೇರೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಯಾವತ್ತಾದರೂ ಆ ದಾರಿಯಲ್ಲಿ ಪೂರ್ವಕ್ಕೆ ಹೋದರೆ ಗಿರಿಜಕ್ಕನ ಕೈಗೆ ಹಾಕಬೇಕು, ಆಮೇಲೆ ಬೈಯಬೇಕು. ಉಳಿದದ್ದನ್ನು ಬೇಯಿಸಿಲ್ಲ. ಅಮ್ಮ ಊರಿನಿಂದ ಫೋನಿನಲ್ಲಿ, "ಹುಳ ಬೀಳ್ತದೆ ಕಣೇ, ಒಂದಿನ ಪಾಯ್ಸ ಮಾಡ್ಬಿಡು" ಎನ್ನುತ್ತಾಳೆ. ಬೀಳಲಿ ಎನ್ನುತ್ತೇನೆ.

ಮೊನ್ನೆ ಮನೆಯಲ್ಲಿ ಅಕ್ಕಿ ಮುಗಿದಿತ್ತು. ಲೋಕೇಶ ಗೂಡಿಗೆ ಕೈ ಹಾಕಿ ಡಬ್ಬಿ ಇಳಿಸಿದ.

"ಅದನ್ನ ಮುಟ್ಬೇಡಿ" ಎಂದೆ.

"ಮತ್ತೆ ಇದನ್ನ ಬೇಯ್ಸದು ಯಾವಾಗ ಕಣೇ?"

"ನನ್ನ ಕೇಳಿ ಕರ್ಕಂಡ್ ಹೋಗೋ ಊರು ಬಂದಾಗ."

ಅವನು ಡಬ್ಬಿಯನ್ನು ಇದ್ದಲ್ಲೇ ಇಟ್ಟ. ಆ ದಿನ ಉಪ್ಪಿಟ್ಟು ಮಾಡಿಕೊಂಡು ತಿಂದೆವು.