ಬಣ್ಣವಿಲ್ಲದ ಹೊಳೆ

ನಾನು ಚಿಕ್ಕವನಿದ್ದಾಗ ಬನಹಟ್ಟಿಯ ನಮ್ಮ ಮನೆಗೆ ಹೊಸದೇನು ಬಂದರೂ ಅದಕ್ಕೆ ಸೀರೆಯ ಪರೀಕ್ಷೆಯೇ. ನಾವು ನೇಕಾರರು. ಪಾತ್ರೆ ತಂದರೂ ಅಪ್ಪ ಮೊದಲು ಹಿಂಬದಿ ತಿರುವಿ ನೋಡುತ್ತಿದ್ದ. ಊರಿಗೊಂದು ದಾರಿಯಾದರೆ ನಮ್ಮ ಮನೆಗೊಂದು ದಾರಿ. ಹೇಳಿ ಹೇಳಿ ನಮಗೆ ಸಾಕಾಗಿತ್ತು.

ಅಕ್ಕ ಧಾರವಾಡದಲ್ಲಿ ಚಿತ್ರಕಲೆ ಕಲಿಯುತ್ತಿದ್ದಳು. ಮೊದಲ ವರ್ಷ ಮುಗಿಸಿ ಬಂದಾಗ ಅಪ್ಪ, "ಏನ ಕಲತೀದಿ ತೋರಸು. ಛಲೋ ಇದ್ರ ಮತ್ತ ಕಳಸ್ತೇನಿ, ಇಲ್ಲಂದ್ರ ಮನ್ಯಾಗ ಕುಂತು ಕಂಡಿಕಿಗೆ ನೂಲು ಸುತ್ತು" ಎಂದ. ಅಕ್ಕ ಹೆದರುತ್ತಲೇ ಒಂದು ಚಿತ್ರ ತೆಗೆದಳು. ಗಲಗಲಿಯ ಹೊಳೆದಂಡೆ. ಮೇಣ ಸವರಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಗೀರುಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತಿದ್ದಳು. ಬರೀ ಕಪ್ಪು ಗೆರೆಗಳು. ಮಸಿಯ ಎಣ್ಣೆವಾಸನೆ ಇನ್ನೂ ಹೋಗಿರಲಿಲ್ಲ.

ಅಪ್ಪ ಅದನ್ನು ಬೋರಲು ಹಾಕಿ ಹಿಂಬದಿ ನೋಡಿದ. ಬೆಳಕಿಗೆ ಹಿಡಿದ. ಆಮೇಲೆ ಹೆಬ್ಬೆರಳಿಗೆ ಎಂಜಲು ಹಚ್ಚಿ, ಬಣ್ಣ ಬಿಡುತ್ತದೋ ಎಂದು ಮೂಲೆಯನ್ನು ತಿಕ್ಕಿದ. ಅಕ್ಕ ತಲೆ ಮೇಲೆ ಕೈ ಹೊತ್ತು ಕುಳಿತಳು. ನನಗಂತೂ ಅಳು ಬರುವಷ್ಟು ಸಿಟ್ಟು ಬಂತು.

"ಬಣ್ಣ ಗಟ್ಟಿ ಐತಿ. ಆದ್ರ ನಡುವ ಹಂಗ ಖಾಲಿ ಬಿಟ್ಟೀದಿ. ಹೊಳಿ ಎಲ್ಲೈತಿ?" ಎಂದ ಅಪ್ಪ.

"ಅಪ್ಪಾ, ಇದು ಸೀರಿ ಅಲ್ಲ" ಎಂದಳು ಅಕ್ಕ. "ಗೆರಿ ಒತ್ತೊತ್ತ ಇದ್ದಲ್ಲಿ ಎರಿಮಣ್ಣು. ತುಂಡ ತುಂಡ ಇದ್ದಲ್ಲಿ ಉಸುಕು. ನೀರು ನಾ ತಗದಿಲ್ಲ. ಎರಡೂ ದಂಡಿ ತಗದೇನಿ, ನಡುವ ಅದ ಬಂದೈತಿ."

ಅವ್ವ ಊಟಕ್ಕೆ ಕರೆದರೂ ಅಪ್ಪ ಏಳಲಿಲ್ಲ. ಎರೆಮಣ್ಣಿನ ಗೆರೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ. ಅಲ್ಲಿ ಮಸಿ ತರಿತರಿಯಾಗಿ ತಾಗುತ್ತಿತ್ತು. ಬೆರಳು ದಂಡೆ ದಾಟಿ ಬರಿಯ ಕಾಗದಕ್ಕೆ ಬಂದು ನಿಂತಿತು.

"ಇಲ್ಲಿ ತಣ್ಣಗ ಅನಸ್ತೈತಿ ಬೇ" ಎಂದ.

ಅಕ್ಕ ಆ ವರ್ಷವೂ ಧಾರವಾಡಕ್ಕೆ ಹೋದಳು.

ಈಗ ಆ ಚಿತ್ರ ನನ್ನ ಕೋಣೆಯಲ್ಲಿದೆ. ಮೊನ್ನೆ ನೀವು ಬಂದಿರಿ, ಮಕ್ಕಳೇ. ಫೋನಿನಲ್ಲಿ ಅದರ ಫೋಟೊ ತೆಗೆದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಣ್ಣ ತುಂಬಿ, "ಅಜ್ಜಾ, ಈಗ ಛಲೋ ಆತು ನೋಡ್ರಿ" ಎಂದಿರಿ. ನಿಮಗೆ ಏನು ಹೇಳಲಿ? ಅಪ್ಪನಿಗೆ ಚಿತ್ರ ನೋಡಲು ಬರುತ್ತಿರಲಿಲ್ಲ, ಆದರೂ ಸಂಜೆಯೆಲ್ಲ ಅದರ ಮುಂದೆ ಕೂತ. ನೀವು ಹೊಳೆಗೆ ನೀಲಿ ಬಳಿದು ಎದ್ದು ಹೋದಿರಿ.