ದೇವಮ್ಮನವರ ತೆಪ್ಪ, ಪ್ರಾಧ್ಯಾಪಕರ ಹೆಸರು

"ಭೀಮಾ ನದಿಯಲ್ಲಿ ಮೀನುಗಳು ಎಲ್ಲೆಲ್ಲಿ ಮೊಟ್ಟೆ ಇಡುತ್ತವೆ ಎಂಬುದನ್ನು ಮೊಟ್ಟಮೊದಲು ಕಂಡುಹಿಡಿದವರು" ಎಂದು ನಾನು ಮೈಕಿನಲ್ಲಿ ಓದುತ್ತಿದ್ದಂತೆ, ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತರು. ಯಾದಗಿರಿಯ ನಮ್ಮ ಕಾಲೇಜಿನಲ್ಲಿ ಅಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಗೆ ಸನ್ಮಾನ. ಅವರ ಸಾಧನೆಯ ಪಟ್ಟಿ ಮುಗಿಯುವಂತೆಯೇ ಇರಲಿಲ್ಲ. ಎದ್ದವರು ನನ್ನ ವಿದ್ಯಾರ್ಥಿನಿಯ ತಾಯಿ ದೇವಮ್ಮ. ನದಿಯಲ್ಲಿ ಮೀನು ಹಿಡಿದು ಬದುಕುವವರು.

"ಮೇಡಂ, ಆ ಜಾಗಾ ಎಲ್ಲಾ ಇವ್ರಿಗೆ ತೋರಿಸಿದಾಕಿ ನಾನರಿ. ಮೂರು ದಿನ ನನ್ನ ತೆಪ್ಪದಾಗ ತಿರುಗ್ಯಾರ."

ಪ್ರಾಧ್ಯಾಪಕರು ಶಾಲು ಸರಿಪಡಿಸಿಕೊಂಡು ನಕ್ಕರು. "ಯಾರೋ ಸ್ಥಳೀಯರು ಇದ್ದರು, ನೆನಪಿಲ್ಲ" ಎಂದರು.

ಅವರ ಪ್ರಬಂಧ ನನ್ನ ಮುಂದೆಯೇ ಇತ್ತು. ಕೃತಜ್ಞತೆಯ ಪುಟ ತೆರೆದು ಗಟ್ಟಿಯಾಗಿ ಓದಿದೆ. ಕುಲಪತಿ, ಹೆಂಡತಿ, ಕಾರಿನ ಚಾಲಕ ಎಲ್ಲರೂ ಅದರಲ್ಲಿದ್ದರು, ದೇವಮ್ಮ ಇರಲಿಲ್ಲ. ಪ್ರಾಚಾರ್ಯರು ಓಡಿಬಂದು ಮೈಕ್ ಕಸಿದುಕೊಂಡು, ಚಹಾಕ್ಕೆ ಬಿಡುವು ಎಂದು ಸಾರಿದರು.

"ಇನ್ನೊಮ್ಮಿ ಹೊಳಿಗೆ ಬಂದ್ರ ಈಜಿಕೋತ ಹೋಗು ಅನ್ರಿ ಇವ್ರಿಗೆ," ಎಂದು ನನಗೆ ಹೇಳಿ ದೇವಮ್ಮ ಮಗಳನ್ನು ಕರೆದುಕೊಂಡು ಹೊರಟೇಬಿಟ್ಟರು.

ಆಮೇಲೆ ಯಾವ ಸಮಾರಂಭದ ನಿರೂಪಣೆಗೂ ನನ್ನನ್ನು ಕರೆದಿಲ್ಲ. ಅದರ ಬೇಸರವಿಲ್ಲ. ಇಂಥ ಹೊಗಳಿಕೆಗಳನ್ನು ಒಂದು ಪ್ರಶ್ನೆಯನ್ನೂ ಕೇಳದೆ ಎಷ್ಟು ವರ್ಷ ಭಕ್ತಿಯಿಂದ ಓದಿದೆನಲ್ಲ ಎಂಬ ನಾಚಿಕೆ ಮಾತ್ರ ಉಳಿದಿದೆ.