ಜೀನು ಬಿಚ್ಚಿದ ಅಬಿದಾ

ಸಿಂದಗಿಯ ಅಬಿದಾ ನದಾಫ ಗಾದಿ ಹೊಲಿಯುವವಳು. ಗಂಡ ತೀರಿಕೊಂಡಾಗ ಹತ್ತಿ ಹಿಂಜುವ ಯಂತ್ರ ಮಾರಿಬಿಡು ಎಂದು ಮೈದುನ ಹೇಳಿದ. ಅವಳು ಮಾರಲಿಲ್ಲ, ಅಂಗಡಿಯ ಬೋರ್ಡಿನ ಮೇಲೆ ತನ್ನ ಹೆಸರು ಬರೆಸಿದಳು.

ಹೋದ ವರ್ಷ ಇಂಡಿ ಊರಿನ ಕಲ್ಮೇಶ ಆ ಅಂಗಡಿಗೆ ಬಂದ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವುದು ಅವನ ಕಸುಬು. ಸವಾರ ಕೂರುವ ಜೀನನ್ನು ಬೆನ್ನಿಗೆ ಕಟ್ಟಲು ಹೋದರೆ ಅವನ ಕಂದು ಕುದುರೆ ಕಚ್ಚುತ್ತಿತ್ತು. ಜೀನಿನ ಕೆಳಗೆ ಹಾಕಲು ದಪ್ಪ ಗಾದಿ ಬೇಕೆಂದ.

“ಕುದುರಿ ತೋರಸು,” ಎಂದಳು ಅಬಿದಾ.

ಅವನು ಟೆಂಪೋದಿಂದ ಕುದುರೆ ಇಳಿಸಿ ಜೀನು ಹೇರಿದ. ಅಬಿದಾ ಹೆಗಲ ಹತ್ತಿರ ಜೀನಿನಡಿ ಕೈ ತೂರಿಸಿ ನೋಡಿದಳು. ಬೆರಳು ಒಳಗೆ ಹೋಗಲಿಲ್ಲ. ಜೀನಿನ ಮುಂದಿನ ಕಟ್ಟಿಗೆಯ ಕಮಾನು ಹೆಗಲನ್ನು ಇಕ್ಕಳದಂತೆ ಹಿಡಿದಿತ್ತು. ಅಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿತ್ತು.

“ಜೀನ ಸಣ್ಣದಾಗೇತಿ ತಮ್ಮಾ. ಗಾದಿ ಹಾಕಿದ್ರ ಇನ್ನೂ ಬಿಗೀತೈತಿ. ಬೂಟು ಬಿಗಿ ಅಂತ ಯಾರರೆ ಎರಡು ಕಾಲಚೀಲ ಹಾಕ್ಕೊಂತಾರೇನು? ನಾ ಹೊಲಿಯಂಗಿಲ್ಲ.”

“ಅದಕ್ಕ ಹಟ ಬಾಳ ಅಬಿದವ್ವ. ಎರಡು ಏಟು ಕೊಟ್ರ ಸುಮ್ಮನಾಗತೈತ್ರಿ.”

“ನಿನ್ನ ಗಾಯದ ಮ್ಯಾಲ ಯಾರರೆ ಕುಂತ್ರ ನೀನೂ ಕಚ್ತಿ.”

ಕಲ್ಮೇಶ ಮುಖ ಗಂಟಿಕ್ಕಿಕೊಂಡು ಹೋದ.

ಹದಿನೈದು ದಿನದ ಮೇಲೆ ಅಬಿದಾ ಬಸವನ ಬಾಗೇವಾಡಿಯ ಒಂದು ಮದುವೆಗೆ ಗಾದಿಗಳನ್ನು ಒಯ್ದಳು. ಮಂಟಪದ ಎದುರು ಕಲ್ಮೇಶ ಅದೇ ಕುದುರೆಯ ಹಗ್ಗ ಹಿಡಿದು ನಿಂತಿದ್ದ. ಬೇರೆ ಯಾರೋ ಹೊಲಿದ ದಪ್ಪ ಗಾದಿ, ಮೇಲೆ ಅದೇ ಜೀನು. ಕುದುರೆ ಕಿವಿ ಹಿಂದಕ್ಕೆ ಮಲಗಿಸಿ, ಬಾಲ ಬೀಸುತ್ತ, ಯಾರು ಹತ್ತಿರ ಬಂದರೂ ಪಕ್ಕಕ್ಕೆ ಸರಿಯುತ್ತಿತ್ತು. ಮದುಮಗ ಹತ್ತಲೆಂದು ಸ್ಟೂಲು ತಂದಿಟ್ಟರು. ಅಬಿದಾ ಜನರ ನಡುವೆ ನುಗ್ಗಿ ಜೀನು ಬಿಗಿದಿದ್ದ ಹೊಟ್ಟೆಪಟ್ಟಿಯ ಬಕಲು ಬಿಚ್ಚಿದಳು.

ಮದುಮಗನ ತಂದೆ ಶ್ರೀಶೈಲಪ್ಪ ಸಿಟ್ಟಿಗೆದ್ದರು. “ಗಾದಿ ಕೊಟ್ಟು ಹೋಗಾಕಿ ನೀ. ಸರಿ ಆಕಡೆ.”

“ಸರಿಯಂಗಿಲ್ರಿ.” ಜೀನು, ಗಾದಿ ಎರಡನ್ನೂ ಎತ್ತಿ ಅಡಿಮೇಲು ಮಾಡಿ ಹಿಡಿದಳು. ಗಾದಿಯ ಬಟ್ಟೆಗೆ ರಕ್ತ, ಕೀವು ಅಂಟಿತ್ತು. “ಇದರ ಮ್ಯಾಲ ಮಗನ್ನ ಕುಂಡ್ರಸ್ರಿ. ಕೆಡವಿದ್ರ ಮತ್ತ ಕುದುರಿಗೆ ಬೈಬ್ಯಾಡ್ರಿ.”

ಬ್ಯಾಂಡು ನಿಂತಿತು. ಮದುಮಗ ಬಟ್ಟೆ ನೋಡಿದ, ಕುದುರೆಯ ಬೆನ್ನು ನೋಡಿದ. “ನಡಕೋತ ಬರ್ತೇನಿ ಅಪ್ಪಾ,” ಎಂದು ಹೊರಟೇಬಿಟ್ಟ.

“ಮಂದ್ಯಾಗ ನನ್ನ ಮರ್ಯಾದಿ ತಗದ್ರಿ,” ಎಂದ ಕಲ್ಮೇಶ.

“ತಗದೇನಿ. ಈ ಜೀನ ಇನ್ನೊಮ್ಮಿ ಕಂಡ್ರ ಇನ್ನೊಮ್ಮಿ ತಗೀತೇನಿ.”

ಸುದ್ದಿ ಮುದ್ದೇಬಿಹಾಳದವರೆಗೂ ಹೋಯಿತು. ತಿಂಗಳುಗಟ್ಟಲೆ ಯಾರೂ ಕಲ್ಮೇಶನ ಕುದುರೆ ಕೇಳಲಿಲ್ಲ. ಆ ಬಿಡುವಿನಲ್ಲಿ ಗಾಯ ಮಾಯಿತು. ಆಮೇಲೆ ಅವನೇ ಜೀನು ಹೊತ್ತು, ಕುದುರೆ ಕರೆದುಕೊಂಡು ಸಿಂದಗಿಗೆ ಬಂದ.

ಅಬಿದಾ ಮೆತ್ತನೆಯ ತಂತಿಯನ್ನು ಕುದುರೆಯ ಹೆಗಲ ಮೇಲೆ ಬಗ್ಗಿಸಿ, ಆ ಆಕಾರವನ್ನು ಪೇಪರಿನ ಮೇಲೆ ಗೀಚಿಕೊಂಡಳು. ಅದನ್ನು ನೋಡಿ ಬಡಿಗ ಮಲಿಕಸಾಬ ಕಮಾನು ಅಗಲ ಮಾಡಿಕೊಟ್ಟ. ಹತ್ತಿ ಬೆವರಿಗೆ ಗಂಟು ಕಟ್ಟುತ್ತದೆಂದು ಅವಳು ಕುರಿಯ ಉಣ್ಣೆ ತುಂಬಿದಳು. ಜೀನಿನಡಿ ಬೆನ್ನೆಲುಬಿನ ಆಚೆಗೊಂದು ಈಚೆಗೊಂದು ಬರುವಂತೆ ದಿಂಬು ಹೊಲಿದು, ನಡುವೆ ಗಾಳಿಯಾಡುವಷ್ಟು ಸಂದು ಬಿಟ್ಟಳು. ಪಟ್ಟಿ ಬಿಗಿಯುವಾಗ ಕುದುರೆ ರೂಢಿಯಂತೆ ಹಲ್ಲು ತೋರಿಸಿತು. ನೋವಾಗಲಿಲ್ಲ. ಕಚ್ಚದೆ ನಿಂತಿತು.

ಗಾಯವಿದ್ದಲ್ಲಿ ಈಗ ಬಿಳಿ ಕೂದಲು ಬಂದಿದೆ. ಅದಕ್ಕೆ ಬಣ್ಣ ಹಚ್ಚುತ್ತೇನೆಂದ ಕಲ್ಮೇಶನಿಗೆ ಅಬಿದಾ ಹೇಳಿದಳು: “ಹಚ್ಚಬ್ಯಾಡ. ಮಂದಿ ಕೇಳ್ಲಿ. ಯಾಕ ಬಂತು ಅನ್ನೂದನ್ನ ನಿನ್ನ ಬಾಯಿಲೆನ ಹೇಳು.”